ದ್ವೀಪಕ್ಕೆ ಹೊರಡುವ ಮುನ್ನ ಕಡಲಿನ ಮುನ್ಸೂಚನೆಯನ್ನು ಓದುವ ಕ್ರಮ

ಧಾರವಾಡದ ಕಡೆಯ ನಮಗೆ ಹವಾಮಾನ ಎಂದರೆ ಮಳೆ ಎಂದೇ ಅರ್ಥ. ಮಿರಗ ಕೂಡಿ ಬಂತೇ, ಬಿತ್ತಿಗೆಗೆ ಹದವಾಯಿತೇ, ಹಿಂಗಾರಿ ಜೋಳಕ್ಕೆ ಎರೆಹೊಲದಲ್ಲಿ ತೇವ ಉಳಿದೀತೇ ಎಂಬ ಮಾತುಗಳನ್ನು ಕೇಳುತ್ತ ಬೆಳೆದವರು ನಾವಾದ್ದರಿಂದ, ಅಂಡಮಾನಿಗೋ ಲಕ್ಷದ್ವೀಪಕ್ಕೋ ಹೊರಟಾಗಲೂ ಮೊಬೈಲು ತೆರೆದು ಮೋಡದ ಚಿತ್ರವಿದೆಯೇ, ಸೂರ್ಯನ ಚಿತ್ರವಿದೆಯೇ ಎಂಬುದನ್ನಷ್ಟೇ ನೋಡುತ್ತೇವೆ. ದ್ವೀಪಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಮೊದಲು ನೋಡಬೇಕಾದದ್ದು ಗಾಳಿ, ಆಮೇಲೆ ಅಲೆ, ಅದರ ನಂತರ ಉಬ್ಬರವಿಳಿತ. ಮಳೆಗೆ ಸಿಗುವುದು ನಾಲ್ಕನೆಯ ಸ್ಥಾನ.

ಈ ಪಾಠ ನನಗೆ ತಿಳಿದದ್ದು ತಡವಾಗಿ, ಅದೂ ದುಡ್ಡು ಕಳೆದುಕೊಂಡ ಮೇಲೆ. ಕೆಲವು ವರ್ಷಗಳ ಹಿಂದೆ ಒಂದು ಜನವರಿಯಲ್ಲಿ ನಾವು ಮನೆಯವರೆಲ್ಲ ಅಂಡಮಾನಿನ ಶಹೀದ್ ದ್ವೀಪದ, ಅಂದರೆ ಹಿಂದಿನ ನೀಲ್ ದ್ವೀಪದ, ಜೆಟ್ಟಿಯಲ್ಲಿ ಗಂಟುಮೂಟೆ ಇಟ್ಟುಕೊಂಡು ಕುಳಿತಿದ್ದೆವು. ಆಕಾಶ ತೊಳೆದಿಟ್ಟಂತಿತ್ತು. ಪ್ರವಾಸ ಗೊತ್ತುಮಾಡಿಕೊಟ್ಟಿದ್ದವರು ಮೊಬೈಲಿನಲ್ಲಿದ್ದ ಸೂರ್ಯನ ಚಿತ್ರವನ್ನು ತೋರಿಸಿ ‘ಹವಾಮಾನ ಕ್ಲಿಯರ್ ಇದೆ’ ಎಂದು ಹಿಂದಿನ ರಾತ್ರಿಯಷ್ಟೇ ಹೇಳಿದ್ದರು. ಆದರೆ ಅಂದಿನ ಹಡಗು ರದ್ದಾಗಿತ್ತು. ‘ಮಳಿ ಇಲ್ಲ, ಮ್ವಾಡ ಇಲ್ಲ, ಮತ್ಯಾಕ ಹಡಗ ಬಿಡವಲ್ರು ತಮ್ಮಾ?’ ಎಂದು ನಮ್ಮ ಕಾಕಾ ಕೇಳಿದರು. ಹಾಗೆ ಕೇಳುವಾಗ ಅವರ ಒಂದು ಕೈ, ತಲೆಯ ಮೇಲಿನ ಟೊಪ್ಪಿಗೆ ಗಾಳಿಗೆ ಹಾರಿಹೋಗದಂತೆ ಅದನ್ನು ಒತ್ತಿ ಹಿಡಿದಿತ್ತು. ಉತ್ತರ ಆ ಕೈಯಲ್ಲೇ ಇದ್ದರೂ ಅದು ನಮಗಿಬ್ಬರಿಗೂ ಹೊಳೆಯಲಿಲ್ಲ. ಮರುದಿನದ ವಿಮಾನ ತಪ್ಪಿತು. ಊರಿಗೆ ಬಂದ ಮೇಲೆ ನಾನು ಕಡಲಿನ ಮುನ್ಸೂಚನೆಯನ್ನು ಓದುವುದನ್ನು ಕಲಿಯಲು ಕುಳಿತೆ. ಹಾಗೆ ಕಲಿತದ್ದನ್ನು ನಮ್ಮ ಬಯಲುಸೀಮೆಯ ಪ್ರವಾಸಿಗರಿಗೆ ಉಪಯೋಗವಾಗುವಂತೆ ಇಲ್ಲಿ ಬರೆದಿದ್ದೇನೆ.

ಮೊದಲು ತಿಂಗಳು

ಟಿಕೆಟು ತೆಗೆಸುವ ಮುನ್ನವೇ ಮಾಡಬೇಕಾದ ಕೆಲಸವೆಂದರೆ ಋತುವಿನ ಲೆಕ್ಕ. ನೈರುತ್ಯ ಮುಂಗಾರು ಭಾರತದ ನೆಲವನ್ನು ಮೊದಲು ಮುಟ್ಟುವುದು ಕೇರಳದಲ್ಲಲ್ಲ, ನಿಕೋಬಾರಿನಲ್ಲಿ. ಕೇರಳಕ್ಕೆ ಅದು ವಾಡಿಕೆಯಂತೆ ಜೂನ್ 1ರ ಹೊತ್ತಿಗೆ ಬಂದರೆ, ನಿಕೋಬಾರ್ ಹಾಗೂ ದಕ್ಷಿಣ ಅಂಡಮಾನ್ ಸಮುದ್ರಕ್ಕೆ ಮೇ ಮೂರನೆಯ ವಾರದಲ್ಲೇ ತಲುಪಿರುತ್ತದೆ. ನಮ್ಮ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೇಳುವುದಾದರೆ, ಇಲ್ಲಿ ಇನ್ನೂ ಕೃತ್ತಿಕೆ ನಡೆದಿದ್ದು ರೈತರು ಮಿರಗಕ್ಕಾಗಿ ಕಾಯುತ್ತಿರುವಾಗಲೇ ಅಲ್ಲಿ ಮಳೆಗಾಲ ಶುರುವಾಗಿರುತ್ತದೆ. ಮಕ್ಕಳ ಬೇಸಿಗೆ ರಜೆಯ ಕೊನೆಯ ವಾರಕ್ಕೆ ಅಂಡಮಾನ್ ಪ್ರವಾಸವನ್ನು ಇಟ್ಟುಕೊಳ್ಳುವವರು ತಪ್ಪುವುದು ಇಲ್ಲಿಯೇ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 3000 ಮಿ.ಮೀ.; ಧಾರವಾಡದಲ್ಲಿ ಬೀಳುವುದರ ಮೂರು ಪಟ್ಟಿಗೂ ಹೆಚ್ಚು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ನೈರುತ್ಯದಿಂದ ಬಲವಾಗಿ ಬೀಸುತ್ತದೆ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಅದು ಈಶಾನ್ಯಕ್ಕೆ ತಿರುಗುತ್ತದೆ; ಆಗ ಆಕಾಶ ಸಾಮಾನ್ಯವಾಗಿ ತಿಳಿಯಾಗಿದ್ದರೂ ಕೆಲವು ದಿನ ಗಾಳಿ ಜೋರಾಗಿರುತ್ತದೆ, ಮತ್ತು ಕಾಕಾ ಅವರ ಟೊಪ್ಪಿಗೆಯನ್ನು ಹಾರಿಸಲು ನೋಡಿದ್ದು ಇದೇ ಗಾಳಿ. ಎರಡೂ ಮಾರುತಗಳ ನಡುವಿನ ಫೆಬ್ರುವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗಿನ ಅವಧಿಯಲ್ಲಿ ಕಡಲು ಅತ್ಯಂತ ಶಾಂತವಾಗಿರುತ್ತದೆ. ಬಿಸಿಲು ಹೆಚ್ಚೆಂದು ಜನ ಮಾರ್ಚನ್ನು ಬಿಟ್ಟು ಡಿಸೆಂಬರ್‌ನಲ್ಲಿ ಮುಗಿಬೀಳುತ್ತಾರೆ. ವಯಸ್ಸಾದವರನ್ನೂ ಹಡಗಿನಲ್ಲಿ ವಾಂತಿಯಾಗುವವರನ್ನೂ ಕರೆದುಕೊಂಡು ಹೋಗುವವರಿಗೆ ಮಾರ್ಚ್ ತಿಂಗಳೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಹೇಗೂ ಬಿಸಿಲು ನಮಗೆ ಹೊಸದಲ್ಲ.

ಚಂಡಮಾರುತಗಳಿಗೂ ಎರಡು ಋತುಗಳಿವೆ: ಮುಂಗಾರಿಗೆ ಮುಂಚಿನ ಏಪ್ರಿಲ್ ಮತ್ತು ಮೇ, ಮುಂಗಾರಿನ ನಂತರದ ಅಕ್ಟೋಬರ್‌ನಿಂದ ಡಿಸೆಂಬರ್. 2017ರ ನವೆಂಬರ್ ಕೊನೆಯಲ್ಲಿ ಹುಟ್ಟಿದ ಓಖಿ ಚಂಡಮಾರುತ ಮಿನಿಕಾಯ್ ಸೇರಿದಂತೆ ಲಕ್ಷದ್ವೀಪದ ಹಲವು ದ್ವೀಪಗಳಿಗೆ ಹೊಡೆತ ಕೊಟ್ಟಿತು. 2016ರ ಡಿಸೆಂಬರ್ ಮೊದಲ ವಾರದಲ್ಲಿ, ಮುಂದೆ ವರ್ದಾ ಎಂಬ ಹೆಸರು ಪಡೆದ ಚಂಡಮಾರುತ ಇನ್ನೂ ವಾಯುಭಾರ ಕುಸಿತದ ಹಂತದಲ್ಲಿದ್ದಾಗಲೇ, ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದು, ನೌಕಾಪಡೆಯ ಹಡಗುಗಳು ಹೋಗಿ ಅವರನ್ನು ಕರೆತರಬೇಕಾಯಿತು. ಡಿಸೆಂಬರ್ ಎಂದರೆ ಪ್ರವಾಸದ ಸುಗ್ಗಿ. ಅದು ಚಂಡಮಾರುತದ ಋತುವಿನ ಬಾಲವೂ ಹೌದು ಎಂಬುದನ್ನು ಜಾಹೀರಾತಿನ ಹಾಳೆಗಳು ಹೇಳುವುದಿಲ್ಲ.

ಎಲ್ಲಿ ನೋಡಬೇಕು

ಎರಡು ಸರಕಾರಿ ಮೂಲಗಳು ಸಾಕು. ಮೊದಲನೆಯದು ಭಾರತೀಯ ಹವಾಮಾನ ಇಲಾಖೆ. ಲಕ್ಷದ್ವೀಪದ ಮುನ್ಸೂಚನೆ ತಿರುವನಂತಪುರದ ಕೇಂದ್ರದಿಂದ ಹೊರಡುತ್ತದೆ. ನಮ್ಮ ಕರಾವಳಿಯ ಚಂಡಮಾರುತದ ಎಚ್ಚರಿಕೆಯೂ ಅಲ್ಲಿಂದಲೇ ಬರುತ್ತದೆ. ಅಂಡಮಾನ್ ಮತ್ತು ನಿಕೋಬಾರಿನ ಚಂಡಮಾರುತದ ಎಚ್ಚರಿಕೆ ಕೋಲ್ಕತ್ತದ ಕೇಂದ್ರಕ್ಕೆ ಸೇರಿದ್ದು. ಎರಡನೆಯದು ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪನೆಯಾದ, ಇನ್‌ಕಾಯಿಸ್ ಎಂದು ಎಲ್ಲರೂ ಕರೆಯುವ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ. ಕಡಲಿಲ್ಲದ ಹೈದರಾಬಾದಿನಲ್ಲಿ ಕುಳಿತು ಇಡೀ ಹಿಂದೂ ಮಹಾಸಾಗರದ ಅಲೆ ಎಣಿಸುವ ಈ ಸಂಸ್ಥೆಯನ್ನು ಕಂಡಾಗ, ಧಾರವಾಡದಲ್ಲಿ ಕುಳಿತು ಅದನ್ನು ಓದುವುದು ನನಗೆ ವಿಚಿತ್ರವೆನಿಸಲಿಲ್ಲ.

ಇಲಾಖೆಯ ಪ್ರಕಟಣೆಗಳಲ್ಲಿ ‘ಕರಾವಳಿ’ ಎಂಬುದು ದಡದಿಂದ 75 ಕಿ.ಮೀ. ವರೆಗಿನ ನೀರಿಗೆ, ‘ಸಮುದ್ರ ಪ್ರದೇಶ’ ಎಂಬುದು ಅದರಾಚೆಯ ನೀರಿಗೆ ಅನ್ವಯಿಸುತ್ತದೆ. ಒಂದು ದ್ವೀಪದಿಂದ ಪಕ್ಕದ ದ್ವೀಪಕ್ಕೆ ಹೋಗುವವರಿಗೆ ಮೊದಲನೆಯದು ಸಾಕು. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ರಾತ್ರಿಯಿಡೀ ಪಯಣಿಸುವವರು ಎರಡನ್ನೂ ಓದಬೇಕು. ಇನ್ನೊಂದು ಸಣ್ಣ ಸಂಗತಿ ಸಮಯದ್ದು: ಕಡಲಿನ ನಕ್ಷೆಗಳಲ್ಲಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಎಂದು ನಮೂದಿಸಿದ್ದರೆ ಅದಕ್ಕೆ ಐದೂವರೆ ಗಂಟೆ ಕೂಡಿಸಿ ಓದಬೇಕು. ಇದನ್ನು ಮರೆತರೆ ಬೆಳಗಿನ ಶಾಂತ ಸಮುದ್ರವೆಂದು ನೀವು ತಿಳಿದದ್ದು ಮಧ್ಯಾಹ್ನದ್ದಾಗಿರುತ್ತದೆ.

ಮೊಬೈಲಿನ ಖಾಸಗಿ ಆ್ಯಪ್‌ಗಳನ್ನು ನಾನು ಬೇಡವೆನ್ನುವುದಿಲ್ಲ. ಗಾಳಿಯ ನಕ್ಷೆಯನ್ನು ಅವು ಬಹಳ ಚೆನ್ನಾಗಿ ತೋರಿಸುತ್ತವೆ. ಆದರೆ ಅವುಗಳ ಹಿಂದಿರುವ ಗಣಕ ಮಾದರಿಗಳು ಭೂಮಿಯನ್ನು ಸುಮಾರು ಹತ್ತರಿಂದ ಇಪ್ಪತ್ತೈದು ಕಿ.ಮೀ. ಅಗಲದ ಚೌಕಗಳಾಗಿ ವಿಂಗಡಿಸಿಕೊಂಡು ಲೆಕ್ಕ ಹಾಕುತ್ತವೆ, ಮತ್ತು ಲಕ್ಷದ್ವೀಪದ ಕವರತ್ತಿಯ ಒಟ್ಟು ನೆಲ ಐದು ಚದರ ಕಿ.ಮೀ.ಗೂ ಕಡಿಮೆ. ಅಂದರೆ ಆ ಮಾದರಿಯ ಕಣ್ಣಿಗೆ ಆ ದ್ವೀಪ ಇಲ್ಲವೇ ಇಲ್ಲ. ಅಲ್ಲಿರುವುದು ಬರೀ ನೀರು. ‘ಕವರತ್ತಿ, ಮಧ್ಯಾಹ್ನ 2 ಗಂಟೆ, ಗುಡುಗು’ ಎಂದು ಚಿತ್ರ ಬಂದರೆ ಅದು ಆ ಸುತ್ತಿನ ಕಡಲಿನಲ್ಲಿ ಎಲ್ಲೋ ಗುಡುಗುವ ಸಂಭವವಿದೆ ಎಂಬ ಮಾತೇ ಹೊರತು, ನೀವು ಉಳಿದುಕೊಂಡ ಕೋಣೆಯ ಮೇಲೆ ಮಳೆಯಾಗುತ್ತದೆ ಎಂಬ ಭವಿಷ್ಯವಲ್ಲ.

ಗಾಳಿಯ ಸಾಲು

ಮೀನುಗಾರರಿಗಾಗಿ ಇಲಾಖೆ ಹೊರಡಿಸುವ ಎಚ್ಚರಿಕೆಯ ಧಾಟಿ ಸಾಮಾನ್ಯವಾಗಿ ಹೀಗಿರುತ್ತದೆ: ‘ಅಂಡಮಾನ್ ಸಮುದ್ರದ ಮೇಲೆ ಗಂಟೆಗೆ 40ರಿಂದ 50 ಕಿ.ಮೀ. ವೇಗದ, ಆಗಾಗ 60 ಕಿ.ಮೀ. ವರೆಗೆ ಏರುವ ಬಿರುಗಾಳಿ ಬೀಸುವ ಸಂಭವವಿದೆ. ಮೀನುಗಾರರು ಈ ಪ್ರದೇಶಕ್ಕೆ ಹೋಗಬಾರದು.’ ಈ ಎರಡು ಸಾಲುಗಳನ್ನು ನಿಧಾನವಾಗಿ ಬಿಡಿಸಿ ನೋಡೋಣ.

‘ಅಂಡಮಾನ್ ಸಮುದ್ರ’ ಎಂದರೆ ಅಂಡಮಾನಿನ ಸುತ್ತಲಿನ ಸಮುದ್ರವೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ದ್ವೀಪಸಾಲಿನ ಪೂರ್ವಕ್ಕಿರುವ ಸಮುದ್ರ. ಪಶ್ಚಿಮಕ್ಕಿರುವುದು ಬಂಗಾಳ ಕೊಲ್ಲಿ. ಪೋರ್ಟ್ ಬ್ಲೇರ್, ಅಂದರೆ 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರು ಪಡೆದ ಪಟ್ಟಣದಿಂದ, ಹಿಂದಿನ ಹ್ಯಾವ್‌ಲಾಕ್ ಆದ ಸ್ವರಾಜ್ ದ್ವೀಪಕ್ಕೂ ಶಹೀದ್ ದ್ವೀಪಕ್ಕೂ ಹೋಗುವ ಹಡಗುಗಳು ಪೂರ್ವದ ನೀರಿನಲ್ಲೇ ಸಾಗುವುದರಿಂದ ಈ ಎಚ್ಚರಿಕೆ ನೇರವಾಗಿ ಪ್ರವಾಸಿಗರಿಗೆ ಸಂಬಂಧಿಸಿದ್ದು.

‘40ರಿಂದ 50’ ಎಂಬುದು ಸರಾಸರಿ ವೇಗ, ‘60’ ಎಂಬುದು ಅಬ್ಬರದ ಕ್ಷಣಗಳ ವೇಗ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ 60 ಕಿ.ಮೀ. ಗಾಳಿ 40 ಕಿ.ಮೀ. ಗಾಳಿಗಿಂತ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು ಬಲವಾಗಿ ದೋಣಿಯನ್ನು ತಳ್ಳುತ್ತದೆ. ಕಡಲಿನವರು ವೇಗವನ್ನು ನಾಟ್‌ನಲ್ಲಿ ಹೇಳುತ್ತಾರೆ. ಒಂದು ನಾಟ್ ಗಂಟೆಗೆ 1.852 ಕಿ.ಮೀ.; ಮನಸ್ಸಿನಲ್ಲೇ ಲೆಕ್ಕ ಹಾಕಲು ನಾಟ್‌ಗಳನ್ನು ದ್ವಿಗುಣಗೊಳಿಸಿ, ಬಂದದ್ದರಲ್ಲಿ ಹತ್ತನೆಯ ಒಂದು ಭಾಗಕ್ಕಿಂತ ತುಸು ಕಡಿಮೆ ಕಳೆದರಾಯಿತು. 15 ನಾಟ್ ಎಂದರೆ ಗಂಟೆಗೆ ಸುಮಾರು 28 ಕಿ.ಮೀ.

ದಿಕ್ಕಿನ ವಿಷಯದಲ್ಲಿ ನಮ್ಮ ರೈತರು ಯಾರಿಂದಲೂ ಕಲಿಯಬೇಕಾದದ್ದಿಲ್ಲ. ಪಡುವಣ ಗಾಳಿ ಎಂದರೆ ಪಡುವಣದಿಂದ ಬರುವ ಗಾಳಿ, ಮುನ್ಸೂಚನೆಯಲ್ಲಿಯೂ ಹಾಗೆಯೇ. ಅಲೆಯ ದಿಕ್ಕನ್ನೂ ಸಾಮಾನ್ಯವಾಗಿ ಅದು ಎಲ್ಲಿಂದ ಬರುತ್ತದೆ ಎಂದೇ ಹೇಳುತ್ತಾರೆ. ಆದರೆ ನೀರಿನ ಸೆಳೆತದ ದಿಕ್ಕನ್ನು ಮಾತ್ರ ಅದು ಎತ್ತ ಹೋಗುತ್ತದೆ ಎಂದು ಬರೆಯುವುದು ವಾಡಿಕೆ.

ಎಷ್ಟು ಗಾಳಿಗೆ ಏನಾಗುತ್ತದೆ ಎಂಬುದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ. ಇದು ಅಧಿಕೃತ ನಿಯಮವಲ್ಲ, ಹಡಗು ಬಿಡುವುದೂ ಬಿಡದಿರುವುದೂ ಬಂದರು ಅಧಿಕಾರಿಗಳ ತೀರ್ಮಾನ. ಹತ್ತು ನಾಟ್‌ವರೆಗೆ ಮಕ್ಕಳೂ ಮುದುಕರೂ ಸುಖವಾಗಿ ಹೋಗಿಬರಬಹುದು. ಹತ್ತು ದಾಟಿದರೆ ಅಲೆಗಳ ತುದಿಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಕಾಣುತ್ತದೆ, ಹೊಟ್ಟೆ ತೊಳಸುವವರಿಗೆ ತೊಳಸುತ್ತದೆ. ಹದಿನೈದು ದಾಟಿದರೆ ಸಣ್ಣ ದೋಣಿಯ ಆಟಗಳನ್ನು ನಾನು ಬಿಟ್ಟುಬಿಡುತ್ತೇನೆ. ಇಪ್ಪತ್ತು ದಾಟಿದ್ದರೆ ಹಡಗು ರದ್ದಾದೀತೆಂದು ಇಟ್ಟುಕೊಂಡೇ ಆ ದಿನದ ಯೋಜನೆ ಮಾಡುತ್ತೇನೆ.

ಅಲೆಯ ಮೂರು ಅಂಕಿಗಳು

ಇನ್‌ಕಾಯಿಸ್‌ನ ಅಲೆ ಮುನ್ಸೂಚನೆಯಲ್ಲಿ ಎತ್ತರ, ಅವಧಿ, ದಿಕ್ಕು ಎಂಬ ಮೂರು ಅಂಕಿಗಳಿರುತ್ತವೆ. ಬಹುತೇಕರು ಎತ್ತರವನ್ನು ಮಾತ್ರ ಓದಿ ಉಳಿದೆರಡನ್ನು ಬಿಡುತ್ತಾರೆ. ಬಿಡುವುದಿದ್ದರೆ ಎತ್ತರವನ್ನು ಬಿಟ್ಟರೂ ನಡೆದೀತು, ಅವಧಿಯನ್ನು ಬಿಡಬಾರದು ಎಂದು ನಾನು ಸ್ವಲ್ಪ ಉತ್ಪ್ರೇಕ್ಷೆಯಿಂದಲೇ ಹೇಳುತ್ತೇನೆ.

ಎತ್ತರದ ಅಂಕಿಯಲ್ಲೇ ಒಂದು ಒಳಗುಟ್ಟಿದೆ. ‘ಅಲೆಯ ಎತ್ತರ 1.5 ಮೀಟರ್’ ಎಂದರೆ ಎಲ್ಲ ಅಲೆಗಳೂ ಅಷ್ಟೇ ಇರುತ್ತವೆ ಎಂದಲ್ಲ, ಅದಕ್ಕಿಂತ ದೊಡ್ಡದು ಬರುವುದಿಲ್ಲ ಎಂದೂ ಅಲ್ಲ. ಅದು, ಬರುವ ಅಲೆಗಳಲ್ಲಿ ದೊಡ್ಡವಾದ ಮೂರನೆಯ ಒಂದು ಪಾಲನ್ನು ಆಯ್ದು ತೆಗೆದ ಸರಾಸರಿ. ನೂರು ಅಲೆಗಳಲ್ಲಿ ದೊಡ್ಡ ಮೂವತ್ತಮೂರರ ಸರಾಸರಿ ಒಂದೂವರೆ ಮೀಟರ್ ಎಂದಾದರೆ, ಕೆಲವು ಗಂಟೆಗಳ ಅವಧಿಯಲ್ಲಿ ಒಂದಾದರೂ ಮೂರು ಮೀಟರಿನ ಸಮೀಪಕ್ಕೆ ಏಳುವ ಸಾಧ್ಯತೆ ಇದ್ದೇ ಇದೆ. ದಡದ ಬಂಡೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವವರನ್ನು ಎಳೆದುಕೊಂಡು ಹೋಗುವುದು ಆ ಒಂದು ಅಲೆ.

ಅವಧಿ ಎಂದರೆ ಒಂದು ಅಲೆಯ ತುದಿಗೂ ಅದರ ಹಿಂದಿನ ಅಲೆಯ ತುದಿಗೂ ನಡುವಿನ ಸೆಕೆಂಡುಗಳು. ಇದು ಅರ್ಥವಾಗಬೇಕಾದರೆ ಅಲೆ ಹುಟ್ಟುವ ಬಗೆ ತಿಳಿಯಬೇಕು. ಹುಬ್ಬಳ್ಳಿಯ ಉಣಕಲ್ ಕೆರೆಯ ಮೇಲೆ ಆಷಾಢದಲ್ಲಿ ಎಷ್ಟೇ ಗಾಳಿ ಬೀಸಿದರೂ ಏಳುವುದು ಗೇಣುದ್ದದ ತೆರೆಗಳು. ಏಕೆಂದರೆ ಗಾಳಿಗೆ ನೀರಿನ ಮೇಲೆ ಓಡಲು ಅಲ್ಲಿ ಹೆಚ್ಚು ಜಾಗವಿಲ್ಲ. ಅದೇ ಗಾಳಿ ನೂರಾರು ಕಿಲೋಮೀಟರ್ ತೆರೆದ ನೀರಿನ ಮೇಲೆ ದಿನಗಟ್ಟಲೆ ಬೀಸಿದರೆ ಅಲೆಗಳು ಎತ್ತರವಾಗುವುದಷ್ಟೇ ಅಲ್ಲ, ಉದ್ದವೂ ಆಗುತ್ತವೆ. ಹತ್ತಿರದ ಗಾಳಿ ಆಗಷ್ಟೇ ಎಬ್ಬಿಸಿದ ಅಲೆಯ ಅವಧಿ ನಾಲ್ಕರಿಂದ ಏಳು ಸೆಕೆಂಡು. ಎಲ್ಲೋ ಸಾವಿರಾರು ಕಿ.ಮೀ. ದೂರದ ಬಿರುಗಾಳಿ ಎಬ್ಬಿಸಿ ಕಳುಹಿಸಿದ, ಸ್ವೆಲ್ ಎಂದು ಕರೆಯುವ ಅಲೆಯ ಅವಧಿ ಹನ್ನೆರಡು ಸೆಕೆಂಡಿಗಿಂತ ಹೆಚ್ಚು, ಕೆಲವೊಮ್ಮೆ ಹದಿನೆಂಟು ಇಪ್ಪತ್ತು.

ಈಗ ಒಂದೂವರೆ ಮೀಟರಿನ ಎರಡು ಅಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಆಳವಾದ ನೀರಿನಲ್ಲಿ ಅಲೆಯ ಉದ್ದ, ಅವಧಿಯ ವರ್ಗವನ್ನು 1.56ರಿಂದ ಗುಣಿಸಿದಷ್ಟು ಮೀಟರ್. ಐದು ಸೆಕೆಂಡಿನ ಅಲೆಯ ಉದ್ದ 39 ಮೀಟರ್; ಹದಿನಾಲ್ಕು ಸೆಕೆಂಡಿನದು ಸುಮಾರು 306 ಮೀಟರ್. ಮೊದಲನೆಯದು ಕಡಿದಾದ ದಿಬ್ಬ. ಹಡಗು ಒಂದನ್ನು ಹತ್ತಿ ಇಳಿಯುವಷ್ಟರಲ್ಲಿ ಇನ್ನೊಂದು ಬಂದು ಬಡಿಯುತ್ತದೆ, ಎರೆಮಣ್ಣಿನ ಒಣಗಿದ ಗಾಡಿಜಾಡಿನಲ್ಲಿ ಚಕ್ಕಡಿ ಹೋದಂತೆ. ಎರಡನೆಯದನ್ನು ನಡುಗಡಲಿನಲ್ಲಿ ಕಂಡುಹಿಡಿಯುವುದೇ ಕಷ್ಟ. ಹಡಗು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಆದ್ದರಿಂದ ಹಡಗಿನಲ್ಲಿರುವವರಿಗೆ ತೊಂದರೆ ಕೊಡುವುದು ಕಡಿಮೆ ಅವಧಿಯ ಅಲೆ. ದಡದಲ್ಲಿರುವವರಿಗೆ ಇದು ತಿರುಗುಮುರುಗಾಗುತ್ತದೆ. ಆ ಉದ್ದನೆಯ ಸ್ವೆಲ್ ಆಳವಿಲ್ಲದ ನೀರಿಗೆ ಬಂದೊಡನೆ ತಳ ತಾಗಿ, ವೇಗ ಕಳೆದುಕೊಂಡು, ಮೇಲೆದ್ದು, ಹವಳದ ದಿಬ್ಬದ ಮೇಲೆ ಭಾರವಾಗಿ ಮುರಿಯುತ್ತದೆ. ದಡಕ್ಕೆ ನುಗ್ಗಿದ ನೀರು ಹಿಂದಿರುಗುವಾಗ ಸೆಳೆತವೂ ಜೋರಾಗುತ್ತದೆ. ಈಜಲು, ಸ್ನಾರ್ಕೆಲಿಂಗ್ ಮಾಡಲು ಹೋಗುವವರು ಅವಧಿ ಹನ್ನೆರಡು ದಾಟಿದ್ದರೆ ಎತ್ತರ ಒಂದು ಮೀಟರ್ ಇದ್ದರೂ ನೀರಿಗಿಳಿಯುವ ಮುನ್ನ ಸ್ಥಳೀಯರನ್ನು ಕೇಳಬೇಕು.

ಸ್ವೆಲ್‌ನ ಇನ್ನೊಂದು ಗುಣ, ಅದು ತನ್ನ ಜೊತೆ ಮೋಡವನ್ನೂ ಗಾಳಿಯನ್ನೂ ತರುವುದಿಲ್ಲ. ಹದಿನಾರು ಸೆಕೆಂಡಿನ ಅಲೆಗಳ ಗುಂಪು ಗಂಟೆಗೆ ಸುಮಾರು 45 ಕಿ.ಮೀ. ವೇಗದಲ್ಲಿ, ಅಂದರೆ ದಿನಕ್ಕೆ ಸಾವಿರ ಕಿ.ಮೀ.ಗೂ ಮಿಕ್ಕಿ ಸಾಗುತ್ತದೆ. ಸಮಭಾಜಕ ವೃತ್ತದ ಆಚೆ, ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆ ಐದಾರು ದಿನಗಳ ನಂತರ ಲಕ್ಷದ್ವೀಪದ ದಡಕ್ಕೂ ಕೇರಳದ ದಡಕ್ಕೂ ಬಂದು ಬಡಿಯುತ್ತದೆ. ಇಲ್ಲಿ ಬಿಸಿಲು, ಗಾಳಿ ನಿಶ್ಚಲ. ಇದ್ದಕ್ಕಿದ್ದಂತೆ ಸಮುದ್ರ ಉಬ್ಬಿ ಮನೆಗಳೊಳಗೆ ನೀರು ನುಗ್ಗುತ್ತದೆ. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ: ಕಳ್ಳನಂತೆ ಬರುವ ಕಡಲು. 2012ರಲ್ಲಿ ಯುನೆಸ್ಕೊ ಈ ಪದವನ್ನು ಒಪ್ಪಿಕೊಂಡಿತು. ಇನ್‌ಕಾಯಿಸ್ ಇದಕ್ಕಾಗಿ ಪ್ರತ್ಯೇಕ ಎಚ್ಚರಿಕೆ ಹೊರಡಿಸುತ್ತದೆ. ಅಂಥ ದಿನ ಮೊಬೈಲಿನಲ್ಲಿ ಸೂರ್ಯನ ಚಿತ್ರವೇ ಇರುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೂರನೆಯ ಅಂಕಿಯಾದ ದಿಕ್ಕನ್ನು ದ್ವೀಪದ ನಕ್ಷೆಯ ಜೊತೆ ಇಟ್ಟು ನೋಡಿದರೆ ಪ್ರವಾಸವನ್ನು ರದ್ದುಮಾಡುವ ಬದಲು ದಡ ಬದಲಿಸಿದರೆ ಸಾಕಾಗುವುದುಂಟು. ಸ್ವರಾಜ್ ದ್ವೀಪದಲ್ಲಿ ರಾಧಾನಗರ ದಡ ಪಶ್ಚಿಮಕ್ಕಿದೆ, ಕಾಲಾಪತ್ಥರ್ ಪೂರ್ವಕ್ಕಿದೆ. ಈಶಾನ್ಯದ ಗಾಳಿ ಜೋರಾಗಿರುವ ಜನವರಿಯ ದಿನ ಕಾಲಾಪತ್ಥರ್‌ನಲ್ಲಿ ನೀರು ಕದಡಿರುವಾಗ, ಗುಡ್ಡವೂ ಕಾಡೂ ಅಡ್ಡವಿರುವ ರಾಧಾನಗರ ಶಾಂತವಾಗಿರುವ ಸಾಧ್ಯತೆ ಹೆಚ್ಚು; ಮುಂಗಾರಿನಲ್ಲಿ ಇದು ತಿರುವುಮುರುವು. ಲಕ್ಷದ್ವೀಪದ ಹೆಚ್ಚಿನ ದ್ವೀಪಗಳು ಹವಳದ ಉಂಗುರದ ಪೂರ್ವದ ಅಂಚಿನಲ್ಲಿದ್ದು, ಲಗೂನ್, ಅಂದರೆ ಆ ಉಂಗುರದೊಳಗಿನ ಆಳವಿಲ್ಲದ ನೀರು, ಪಶ್ಚಿಮಕ್ಕೆ ಹರಡಿಕೊಂಡಿದೆ. ಹೊರಗಿನ ಸಮುದ್ರ ಒರಟಾಗಿದ್ದರೂ ಲಗೂನಿನ ಒಳಗೆ ನೀರು ಸ್ವಲ್ಪಮಟ್ಟಿಗೆ ಶಾಂತವಾಗಿರುತ್ತದೆ. ಆದರೆ ಹಡಗಿನಿಂದ ಸಣ್ಣ ದೋಣಿಗೆ ಇಳಿಯುವ ಕೆಲಸ ಅನೇಕ ಕಡೆ ಹೊರಗಿನ ನೀರಿನಲ್ಲೇ ನಡೆಯುತ್ತದೆ. ಮೊಣಕಾಲು ನೋವಿರುವ ಹಿರಿಯರನ್ನು ಕರೆದೊಯ್ಯುವವರು ಲಗೂನಿನ ಚಿತ್ರ ನೋಡಿ ಮರುಳಾಗದೆ ಹೊರಗಿನ ಅಲೆಯ ಅಂಕಿ ನೋಡಬೇಕು.

ಪಂಚಾಂಗ ಮತ್ತು ಉಬ್ಬರವಿಳಿತ

ಗೋಡೆಯ ಮೇಲೆ ತೂಗುವ ಪಂಚಾಂಗ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ, ಸಾಮಾನ್ಯವಾಗಿ ಅವುಗಳ ಮರುದಿನ ಅಥವಾ ಮೂರನೆಯ ದಿನ, ಉಬ್ಬರದಲ್ಲಿ ನೀರು ಅತಿ ಮೇಲಕ್ಕೆ ಏರುತ್ತದೆ, ಇಳಿತದಲ್ಲಿ ಅತಿ ಕೆಳಕ್ಕೆ ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಎರಡರ ನಡುವಿನ ಅಂತರ ಕಿರಿದಾಗುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ವೇಳೆ ಸರಾಸರಿ 50 ನಿಮಿಷ ಮುಂದೆ ಸರಿಯುತ್ತದೆ. ಇಂದು ಬೆಳಿಗ್ಗೆ ಒಂಬತ್ತಕ್ಕೆ ಇಳಿತವಿದ್ದರೆ ನಾಳೆ ಹತ್ತಕ್ಕೆ ಹತ್ತು ನಿಮಿಷವಿರುವಾಗ ಇರುತ್ತದೆ ಎಂದು ಅಂದಾಜಿಸಬಹುದು. ಖಚಿತ ವೇಳೆಗೆ ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕವಿದೆ.

ಶಹೀದ್ ದ್ವೀಪದ ಕಲ್ಲಿನ ಸಹಜ ಸೇತುವೆಯ ಬಳಿಗೆ ಇಳಿತದ ಹೊತ್ತಿನಲ್ಲಿ ಮಾತ್ರ ನಡೆದು ಹೋಗಲು ಸಾಧ್ಯ. ಅದೇ ಇಳಿತದಲ್ಲಿ ಭರತಪುರದ ದಡದಲ್ಲಿ ಹವಳ ಮೇಲೆ ಕಾಣತೊಡಗಿ, ಗಾಜಿನ ತಳದ ದೋಣಿಗಳು ಕಷ್ಟಪಡುತ್ತವೆ. ಒಂದಕ್ಕೆ ಒಳ್ಳೆಯ ವೇಳೆ ಇನ್ನೊಂದಕ್ಕೆ ಕೆಟ್ಟದ್ದು. ಜೊತೆಗೆ, ಅಂಡಮಾನಿನ ದ್ವೀಪಗಳಲ್ಲಿ ನಮ್ಮ ಗಡಿಯಾರವೇ ನಡೆದರೂ ಸೂರ್ಯ ಹುಬ್ಬಳ್ಳಿಗಿಂತ ಸುಮಾರು 70 ನಿಮಿಷ ಮುಂದಿರುತ್ತಾನೆ. ಡಿಸೆಂಬರ್‌ನಲ್ಲಿ ಸಂಜೆ ಐದರ ಸುಮಾರಿಗೆ ಸೂರ್ಯ ಮುಳುಗುವುದರಿಂದ ‘ಸಂಜೆ ಐದೂವರೆಗೆ ಇಳಿತ’ ಎಂಬುದು ಅಲ್ಲಿ ಕತ್ತಲಿನ ಇಳಿತ.

ಮಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಲಾಖೆಯ ಭಾಷೆಯಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ‘ಭಾರಿ’, 115.6 ದಾಟಿದರೆ ‘ಅತಿ ಭಾರಿ’. ದ್ವೀಪದ ಮಳೆ ಬಹಳ ಸಲ ಅರ್ಧ ಗಂಟೆ ಸುರಿದು ಹೋಗಿಬಿಡುತ್ತದೆ; ಮಿಂಚಿನ ಎಚ್ಚರಿಕೆ ಇದ್ದರೆ ಮಾತ್ರ ನೀರಿನಿಂದ ಹೊರಗಿರಿ.

ಚಂಡಮಾರುತದ ಮೆಟ್ಟಿಲುಗಳು

ಪತ್ರಿಕೆಯಲ್ಲಿ ‘ವಾಯುಭಾರ ಕುಸಿತ’ ಎಂದು ಓದಿದಾಗ ನಮಗೆ ನೆನಪಾಗುವುದು ಎರಡು ದಿನದ ಜಿಟಿಜಿಟಿ ಮಳೆ. ಕಡಲಿನಲ್ಲಿ ಆ ಪದಕ್ಕೆ ಅಂಕಿಗಳಿವೆ. ಸುತ್ತುವ ಗಾಳಿಯ ವೇಗ ಗಂಟೆಗೆ 31 ಕಿ.ಮೀ. ಮುಟ್ಟಿದಾಗ ಅದು ವಾಯುಭಾರ ಕುಸಿತ, 62 ಮುಟ್ಟಿದಾಗ ಚಂಡಮಾರುತ. ಹೆಸರು ಸಿಗುವುದು ಈ ಹಂತದಲ್ಲಿ. 118ರಿಂದ ಅತಿ ತೀವ್ರ ಚಂಡಮಾರುತ, 220ರ ಆಚೆಗೆ ಸೂಪರ್ ಸೈಕ್ಲೋನ್. ಹೆಸರಿಟ್ಟ ಮೇಲೆ ಎಚ್ಚರವಾಗೋಣ ಎಂದುಕೊಂಡರೆ ತಡವಾಗುತ್ತದೆ. 2016ರಲ್ಲಿ ಪ್ರವಾಸಿಗರು ಸಿಕ್ಕಿಬಿದ್ದದ್ದು ಹೆಸರಿಡುವುದಕ್ಕೂ ಮುನ್ನವೇ ಎಂಬುದನ್ನು ಮೇಲೆ ಹೇಳಿದ್ದೇನೆ. ಬಣ್ಣಗಳ ಅರ್ಥವೂ ಹೀಗೆಯೇ: ಹಳದಿಗೆ ಗಮನವಿಟ್ಟಿರಬೇಕು, ಕಿತ್ತಳೆಗೆ ಸಿದ್ಧರಾಗಬೇಕು, ಕೆಂಪಿಗೆ ಅಧಿಕಾರಿಗಳು ಹೇಳಿದಂತೆ ನಡೆಯಬೇಕು. ಕಿತ್ತಳೆ ಬಣ್ಣ ಬಂದ ದಿನ ಸಣ್ಣ ದ್ವೀಪದಿಂದ ದೊಡ್ಡ ದ್ವೀಪಕ್ಕೆ ಬರುವ ಹಡಗು ಇನ್ನೂ ನಡೆಯುತ್ತಿದ್ದರೆ, ಹೋಟೆಲಿನ ಮುಂಗಡ ಹೋದರೂ ಚಿಂತೆಯಿಲ್ಲವೆಂದು ಅದನ್ನು ಹತ್ತುವುದು ಜಾಣತನ.

ಬಂದರುಗಳಲ್ಲಿ ಸಂಖ್ಯೆಯ ಸಂಕೇತಗಳನ್ನು ಏರಿಸುತ್ತಾರೆ. ಒಂದು ಮತ್ತು ಎರಡು ದೂರದ ಸಮುದ್ರದ ಹವೆಗೆ ಸಂಬಂಧಿಸಿದವು. ಮೂರನೆಯ ಸಂಖ್ಯೆ ಬಂದರಿಗೇ ಬಿರುಗಾಳಿ ತಗಲಬಹುದೆಂಬ ಸ್ಥಳೀಯ ಎಚ್ಚರಿಕೆ. ಮೂರು ಕಂಡರೆ ಟಿಕೆಟಿನ ಕಿಟಕಿಯ ಮುಂದೆ ವಾದ ಮಾಡುತ್ತ ನಿಲ್ಲಬೇಡಿ.

ಹತ್ತು ದಿನದ ವಹಿ

ಹೊರಡುವ ಹತ್ತು ದಿನ ಮುಂಚೆ ನಾನೊಂದು ವಹಿ ತೆರೆಯುತ್ತೇನೆ. ಹಡಗು ಹತ್ತುವ ದಿನಗಳನ್ನು ಮಾತ್ರ ಅದರಲ್ಲಿ ಬರೆದು, ಪ್ರತಿ ರಾತ್ರಿ ಅದೇ ದಿನಗಳ ಮುನ್ಸೂಚನೆಯನ್ನು ನಮೂದಿಸುತ್ತೇನೆ. ಒಂದು ಸಾಲು ಹೀಗಿರುತ್ತದೆ: ‘ಈಶಾನ್ಯ 15 ನಾಟ್, ಅಲೆ 1.4 ಮೀ., ಅವಧಿ 6 ಸೆ., ದಶಮಿ.’ ಒಂದೇ ದಿನದ ಅಂಕಿಯನ್ನು ನಂಬಿ ಕೂರುವುದಕ್ಕಿಂತ ದಿನದಿಂದ ದಿನಕ್ಕೆ ಆ ಅಂಕಿ ಹೇಗೆ ಬದಲಾಗುತ್ತಿದೆ ಎಂಬುದನ್ನು ಗಮನಿಸುವುದು ಮುಖ್ಯ. ಏಳು ದಿನ ಮುಂಚೆ 12 ನಾಟ್, ಐದು ದಿನ ಮುಂಚೆ 15, ಮೂರು ದಿನ ಮುಂಚೆ 19 ಎಂದು ಏರುತ್ತ ಬಂದರೆ ಮಾದರಿಗಳು ಏನನ್ನೋ ಗುರುತಿಸತೊಡಗಿವೆ ಎಂದರ್ಥ. ಒಂದು ದಿನ 10, ಮರುದಿನ 20, ಮತ್ತೆ 8 ಎಂದು ಕುಣಿಯುತ್ತಿದ್ದರೆ ಮುನ್ಸೂಚನೆ ಇನ್ನೂ ಹದಕ್ಕೆ ಬಂದಿಲ್ಲ, ಕಾಯಬೇಕು. ಏಳು ದಿನದಾಚೆಯದನ್ನು ಸೂಚನೆಯೆಂದಷ್ಟೇ ಓದಿ, ಕೊನೆಯ ಮೂರು ದಿನದ್ದನ್ನು ನಂಬಿ ತೀರ್ಮಾನ ಮಾಡುತ್ತೇನೆ.

ಈ ಅಭ್ಯಾಸಕ್ಕೆ ಅಂಡಮಾನಿನವರೆಗೆ ಹೋಗಬೇಕಾಗಿಲ್ಲ. ರವಿವಾರ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋಗುವವರು ಹಿಂದಿನ ರಾತ್ರಿ ಉತ್ತರ ಕನ್ನಡದ ಕರಾವಳಿಯ ಗಾಳಿ, ಅಲೆ, ಅವಧಿಗಳನ್ನು ಬರೆದುಕೊಂಡು, ಮರುದಿನ ದಡದಲ್ಲಿ ನಿಂತು ಒಂದು ಅಲೆ ಮುರಿದಾಗಿನಿಂದ ಮುಂದಿನದು ಮುರಿಯುವವರೆಗೆ ಸೆಕೆಂಡು ಎಣಿಸಿ ನೋಡಬಹುದು. ಹತ್ತು ಅಲೆಗಳ ಒಟ್ಟು ಸಮಯವನ್ನು ಹತ್ತರಿಂದ ಭಾಗಿಸಿದರೆ ಸಿಗುವುದು ನಿಮ್ಮದೇ ಅಳತೆಯ ಅವಧಿ. ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಹೋಗುವವರಿಗಂತೂ ಇದು ನೇರ ಉಪಯೋಗದ್ದು.

ಯೋಜನೆ ಮಾಡುವಾಗ ಸಣ್ಣ ದ್ವೀಪಗಳನ್ನು ಮೊದಲು ಮುಗಿಸಿ, ವಿಮಾನವಿರುವ ಪಟ್ಟಣದಲ್ಲಿ ಕೊನೆಯ ಎರಡು ರಾತ್ರಿ ಇರುವಂತೆ ದಿನಗಳನ್ನು ಹೊಂದಿಸಿಕೊಳ್ಳಿ. ಬೆಳಗಿನ ಹಡಗನ್ನೇ ಹಿಡಿಯಿರಿ. ಅದು ರದ್ದಾದರೆ ಮಧ್ಯಾಹ್ನದ್ದಕ್ಕೆ ಪ್ರಯತ್ನಿಸಲು ಹೊತ್ತಿರುತ್ತದೆ. ಹಡಗಿನಲ್ಲಿ ನಡುಭಾಗದ ಕೆಳ ಅಂತಸ್ತಿನ ಆಸನ ಕೇಳಿ ಪಡೆಯಿರಿ, ಅಲ್ಲಿ ಓಲಾಟ ಕಡಿಮೆ. ಜೆಟ್ಟಿಗೆ ತಲುಪಿದ ಮೇಲೆ ಮೊಬೈಲನ್ನು ಕಿಸೆಗೆ ಹಾಕಿ ನೀರಿನ ಕಡೆ ನೋಡಿ: ಬಿಳಿ ನೊರೆಯ ತುದಿಗಳು ಅಲ್ಲೊಂದು ಇಲ್ಲೊಂದು ಇವೆಯೇ, ಎಲ್ಲೆಡೆ ಹರಡಿವೆಯೇ, ಧ್ವಜದ ಬಟ್ಟೆ ಜೋತುಬಿದ್ದಿದೆಯೇ, ಪೂರ್ತಿ ಬಿಚ್ಚಿಕೊಂಡು ಪಟಪಟಿಸುತ್ತಿದೆಯೇ. ಕಳೆದ ವರ್ಷ ಮಾರ್ಚ್‌ನಲ್ಲಿ ಎರಡನೆಯ ಸಲ ಹೋದಾಗ ಕಾಕಾ ಅವರೂ ಬಂದಿದ್ದರು. ಜೆಟ್ಟಿಯಲ್ಲಿ ಅವರು ಟೊಪ್ಪಿಗೆ ತೆಗೆದು ಬೆಂಚಿನ ಮೇಲೆ ಇಟ್ಟು, ಅದು ಅಲುಗುವುದೇನೋ ಎಂದು ಐದು ನಿಮಿಷ ನೋಡುತ್ತ ಕುಳಿತು, ‘ನಡೀರಿ, ಹಡಗ ಬಿಡ್ತಾರ’ ಎಂದರು.